ಪೆನ್‌ಡ್ರೈವಿಗೊಂದು ವೀಳ್ಯ

ಸೋಮವಾರ ಮೂಕಮ್ಮನ ಗಂಟಲಿಗೆ ಕತ್ತರಿ ಬೀಳುವುದಿತ್ತು. ಶನಿವಾರ ಬೆಳಗಿನ ಬಸ್ಸಿಗೆ ಹೊರಡಬೇಕು. ಕುಮುದಾ ಬೆರಳು ಮಡಿಸಿ ಎಣಿಸಿದಳು. ಅತ್ತೆಯ ಹಾಡಿಗೆ ಉಳಿದದ್ದು ಗುರುವಾರ, ಶುಕ್ರವಾರ ಎರಡೇ ದಿನ.

ತೀರ್ಥಹಳ್ಳಿಯ ಡಾಕ್ಟರು ಬಾಯೊಳಗೆ ಬೆಳಕು ಬಿಟ್ಟು ನೋಡಿ, ಹುಲಿಕಲ್ ಘಾಟಿ ಇಳಿದು ದೊಡ್ಡಾಸ್ಪತ್ರೆಗೆ ಹೋಗಿ ಎಂದು ಚೀಟಿ ಬರೆದಿದ್ದರು. ಅಲ್ಲಿನವರು ಇನ್ನೂ ಒಳಕ್ಕೆ ಇಣುಕಿ, ಗಂಟು ತೆಗೆಯಲೇಬೇಕು, ಜೀವಕ್ಕೆ ಭಯವಿಲ್ಲ, ಧ್ವನಿಯ ಬಗ್ಗೆ ಮಾತ್ರ ಮಾತು ಕೊಡಲಾರೆವು ಎಂದಿದ್ದರು. ಮಗ ರಾಜೇಂದ್ರನ ಮುಖ ಬಿಳಚಿಕೊಂಡಿತ್ತು. ಮೂಕಮ್ಮ ಮಾತ್ರ ಬಸ್ಸಿನಲ್ಲಿ ಬರುತ್ತ ನಕ್ಕಿದ್ದಳು. "ಕೊಲ್ಲೂರಮ್ಮನ ಹೆಸ್ರು ಇಡ್ತೀನಿ ಅಂತ ನಮ್ಮಪ್ಪ ಮೂಕಮ್ಮ ಅಂತ ಇಟ್ಟ. ಎಪ್ಪತ್ತು ವರ್ಷ ಬಾಯಿ ಮುಚ್ಚದೆ ಇದ್ದೆ. ಈಗ ಅಮ್ಮ ಲೆಕ್ಕ ಸರಿ ಮಾಡ್ತಾ ಇದಾಳೆ, ಅಷ್ಟೇಯ."

ಕುಮುದಾ ನಗಲಿಲ್ಲ. ಈ ಮನೆಗೆ ಸೊಸೆಯಾಗಿ ಬಂದು ಇಪ್ಪತ್ತೆರಡು ವರ್ಷ. ಮಾತಿಗಿಂತ ಕೇಳುವುದೇ ಅವಳಿಗೆ ಹೆಚ್ಚು ರೂಢಿ. ಅತ್ತೆಯ ಗಂಟಲಲ್ಲಿ ಇದ್ದದ್ದು ಏನೆಂದು ಅವಳಿಗೆ ಗೊತ್ತಿತ್ತು.

ಆ ಸೀಮೆಯಲ್ಲಿ ದೀಪಾವಳಿಗೆ ಗಂಡಸರು ಅಂಟಿಗೆ-ಪಂಟಿಗೆ ಹೊರಡುತ್ತಾರೆ. ದೇವರ ಮುಂದೆ ಹಚ್ಚಿದ ದೀಪ ಹಿಡಿದು, ಪದ ಹೇಳುತ್ತ ಮನೆಯಿಂದ ಮನೆಗೆ ನಡೆಯುವುದು. ಮನೆಯವರು ಅದಕ್ಕೆ ಎಣ್ಣೆ ಎರೆದು, ಅದರಿಂದ ತಮ್ಮ ದೀಪ ಹಚ್ಚಿಕೊಂಡು, ವೀಳ್ಯ ಕೊಟ್ಟು ಮುಂದಕ್ಕೆ ಕಳಿಸುವುದು. ದಾರಿಯಲ್ಲಿ ದೀಪ ಆರಬಾರದು. ಮೂಕಮ್ಮನ ಅಪ್ಪ ಪುಟ್ಟಪ್ಪ ಮೂವತ್ತು ವರ್ಷ ಆ ತಂಡಕ್ಕೆ ಮುಂದಾಳು. ಅವನ ಬಾಯಲ್ಲಿ ದಾರಿಪದ ಎಂಬ ದೊಡ್ಡ ಪದವಿತ್ತು: ಕತ್ತಲೆ ತುಂಬಿದ ಊರಿಗೆ ಅಕ್ಕತಂಗಿಯರಿಬ್ಬರು ಸೆರಗಿನ ಮರೆಯಲ್ಲಿ ಬೆಳಕು ತಂದ ಕತೆ, ಹೇಳಿ ಮುಗಿಸಲು ಗಂಟೆಯ ಮೇಲೆ ಬೇಕು. ಹೆಂಗಸರು ತಂಡದಲ್ಲಿ ಹೋಗುವಂತಿರಲಿಲ್ಲ. ಮೂಕಮ್ಮ ಬಾಗಿಲ ಸಂದಿಯಲ್ಲಿ ಕೂತು ಕೇಳಿ ಕಲಿತಳು. ಕಲಿತ ಗಂಡಸರೆಲ್ಲ ಹೋದರು. ಈಗಿನ ಮುಂದಾಳು ಹೂವಯ್ಯನಿಗೆ ಬರುವುದು ಅದರ ಕಾಲುಪಾಲು, ಅದೂ ತಡವರಿಸಿಕೊಂಡು. ಪದವನ್ನು ಹಿಡಿದಿಡದೆ ಅವಳು ಘಾಟಿ ಇಳಿದರೆ, ಮುಂದಿನ ತಿಂಗಳ ದೀಪಕ್ಕೆ ದಾರಿಪದವಿಲ್ಲ. ಮುಂದೆ ಯಾವ ದೀಪಕ್ಕೂ ಇಲ್ಲ.

ಬುಧವಾರ ಕುಮುದಾ ಮೊಬೈಲಿನಲ್ಲಿ ಹಿಡಿಯಲು ನೋಡಿದ್ದಳು. ಹೂವಯ್ಯನನ್ನು ಕೂರಿಸಿಕೊಂಡು ದೀಪ ಹಚ್ಚಿ ಮೂಕಮ್ಮ ಹನ್ನೆರಡು ನಿಮಿಷ ಹಾಡಿದ್ದಳೋ ಇಲ್ಲವೋ, ಯಾವುದೋ ಸಾಲದ ಕಂಪನಿಯ ಹುಡುಗಿ ಫೋನು ಮಾಡಿದಳು. ಹಾಡು ಮುರಿಯಿತು, ರೆಕಾರ್ಡೂ ನಿಂತಿತು. ಮುರಿದ ಪದವನ್ನು ಅದೇ ದಿನ ಮತ್ತೆ ಎತ್ತುವಂತಿಲ್ಲ. ಮೂಕಮ್ಮ ಆ ರಾತ್ರಿ ಊಟ ಬಿಟ್ಟಳು.

"ಮತ್ತೊಂದ್ಸಲ ಹಾಡಕ್ಕೆ ಗಂಟಲಲ್ಲಿ ಶಕ್ತಿ ಇದೆ. ಒಂದೇ ಸಲಕ್ಕೆ," ಎಂದಳು. "ಆದ್ರೆ ಆ ಕೂಗೋ ಡಬ್ಬಿ ಮುಂದೆ ಇಲ್ಲ."

"ಫೋನ್ ಬರದಂಗೆ ಮಾಡಬಹುದು, ಅತ್ತೆ."

"ನೀ ಮಾಡ್ತಿ. ಅದು ಕೇಳಬೇಕಲ?"

ಉಳಿದದ್ದು ಕಂಪ್ಯೂಟರು. ಮಗಳು ಸುಮನಾ ಓದುವಾಗ ಸಾಗರದಲ್ಲಿ ಮುಚ್ಚಿಹೋದ ಒಂದು ಸೈಬರ್ ಅಂಗಡಿಯಿಂದ ರಾಜೇಂದ್ರ ತಂದ ಹಳೇ ಪೆಟ್ಟಿಗೆ. ಸುಮನಾ ಹಾಸ್ಟೆಲಿಗೆ ಹೋದಮೇಲೆ ಅದರಲ್ಲಿ ಕುಮುದಾಳೇ ಅಕ್ಕಪಕ್ಕದವರ ಅರ್ಜಿ, ಮದುವೆ ಕಾಗದ ಟೈಪು ಮಾಡಿಕೊಡುತ್ತಿದ್ದಳು. ಅತ್ತೆಯನ್ನು ಕರೆತಂದು ಅದರ ಮುಂದೆ ಕೂರಿಸಿದಳು. ಪರದೆ ಕಪ್ಪಗಿತ್ತು, ಮೂಲೆಯಲ್ಲಿ ಎರಡು ಸಾಲು ಬಿಳಿಯ ಅಕ್ಷರ.

"ಅದೇನೇ ಬರ್ದಿರದು?"

ಸುಳ್ಳು ಹೇಳಲು ಕುಮುದಾಳಿಗೆ ಬರುತ್ತಿರಲಿಲ್ಲ. "ಇದರೊಳಗಿರೋ ವಿಂಡೋಸು ಅಸಲಿ ಅಲ್ಲ ಅಂತ. ಕೊಂಡಿದ್ದಲ್ಲ, ಆ ಸೈಬರ್‌ನೋರು ಎಲ್ಲಿಂದಲೋ ಇಳಿಸಿಕೊಂಡಿದ್ದು."

"ಕದ್ದಿದ್ದು ಅನ್ನು."

"ಎಲ್ಲಾರೂ ಹಂಗೇ ಹಾಕ್ಕೊಳ್ತಾರೆ ಅತ್ತೆ..."

"ಎಲ್ಲಾರ ಮನೆ ವಿಷ್ಯ ನಂಗ್ಯಾಕೆ? ಕದ್ದೆಣ್ಣೆ ಹಾಕಿದ್ರೂ ದೀಪ ಉರೀತದೆ. ನಮ್ಮಪ್ಪ ಹಾಕ್ತಿರಲಿಲ್ಲ. ದಾರಿಪದದ ದೀಪಕ್ಕೆ ಕೊಟ್ಟ ಎಣ್ಣೆಯೇ ಆಗಬೇಕು." ಮೂಕಮ್ಮ ಎದ್ದು ಹೋದಳು.

ಮಾತು ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಕುಮುದಾಳ ಚಿಕ್ಕಪ್ಪನ ಮಗ ದುರ್ಗೇಶ ಸಾಗರದ ಬಸ್‌ಸ್ಟ್ಯಾಂಡಿನ ಹಿಂದೆ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ. ಅವಳ ಫೋನು ಕೇಳಿ ಅವನು ಹೊಟ್ಟೆ ತುಂಬ ನಕ್ಕ. "ಕುಮುದಕ್ಕ, ನಿಮ್ಮತ್ತೆ ನಮ್ಮ ಅಂಗಡೀಲಿ ಕೂತ್ರೆ ನನ್ನ ಗಿರಾಕಿ ಅರ್ಧ ಓಡಿಹೋಗ್ತಾರೆ. ಆಯ್ತು, ಬಿಟ್ಟಿದು ಬೇಕು, ಕದ್ದದ್ದು ಬೇಡ, ಅಲ್ವಾ? ಲಿನಕ್ಸು ಅಂತ ಇದೆ. ಜನ ಮಾಡಿ ಜನಕ್ಕೆ ಬಿಟ್ಟಿದ್ದು. ತಗೋ, ನೋಡು, ಬೇಕಾದೋರಿಗೆ ಕೊಡು. ಕೊಡೋದೇ ಅದರ ಧರ್ಮ. ಮೂರು ನಮೂನೆ ಕಳಿಸ್ತೀನಿ. ಪೆನ್‌ಡ್ರೈವ್ ಹಾಕಿ ಕಂಪ್ಯೂಟರ್ ಆನ್ ಮಾಡಿದ್ರೆ ಅದರಿಂದಲೇ ಏಳ್ತದೆ. ನೋಡಕ್ಕೆ ಮಾತ್ರ ಮತ್ತೆ. ಯಾವ್ದು ಹಿಡಿಸ್ತದೆ ಹೇಳು, ಭಾನುವಾರ ಬಂದು ಒಳಗೇ ಕೂರಿಸ್ತೀನಿ."

ಭಾನುವಾರ ಯಾರಿಗೆ ಬೇಕಿತ್ತು? ಆ ಕೊನೆಯ ಮಾತು ಅವಳ ಕಿವಿಗೆ ಬಿದ್ದಿತೇ ಹೊರತು ಒಳಗೆ ಇಳಿಯಲಿಲ್ಲ. 'ಕೊಡೋದೇ ಅದರ ಧರ್ಮ' ಎಂಬುದು ಮಾತ್ರ ಇಳಿಯಿತು. ಅದನ್ನೇ ಅತ್ತೆಗೆ ಹೇಳಿದಳು. ಮೂಕಮ್ಮ ಒಲೆಯ ಮುಂದೆ ಕೂತು, ಪದದ್ದೇ ಒಂದು ನುಡಿಯನ್ನು ಹಾಡದೆ, ಬರೀ ಮಾತಿನಂತೆ ಹೇಳಿದಳು:

ಕೊಟ್ಟ ಮನೆಯಲ್ಲಿ ಕುಂದಿಲ್ಲ, ಕುಡಿದೀಪ
ಇಟ್ಟ ಮನೆಯಲ್ಲಿ ಇರುಳಿಲ್ಲ.

"ಹಂಗಾರೆ ಅದೂ ಅಂಟಿಗೆ-ಪಂಟಿಗೆಯೇ ಆಯ್ತಲ. ತರಿಸು."

ರಾಜೇಂದ್ರ ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವ ಖಾಸಗಿ ಬಸ್ಸಿನ ಡ್ರೈವರು. ಗುರುವಾರ ಮೊದಲ ಟ್ರಿಪ್ಪಿನಲ್ಲಿ ಮನೆಯ ಮುಂದೆ ಹಾರ್ನ್ ಹೊಡೆದು, ಕಿಟಕಿಯಿಂದಲೇ ಪೊಟ್ಟಣ ಎಸೆದು ಹೋದ. ಮೂರು ಪೆನ್‌ಡ್ರೈವು, ಒಂದಕ್ಕೆ ಕೆಂಪು ದಾರ, ಒಂದಕ್ಕೆ ಬಿಳಿ, ಒಂದಕ್ಕೆ ಹಳದಿ. ಒಳಗಿನ ಹೆಸರುಗಳಿಗೆ ಕುಮುದಾಳ ನಾಲಿಗೆ ತಿರುಗಲಿಲ್ಲ. ದಾರದ ಬಣ್ಣವೇ ಹೆಸರಾಯಿತು.

ಕೆಂಪು ದಾರದ್ದು ಏಳಲೇ ಇಲ್ಲ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಇರುವೆ ಸಾಲಿನಂತೆ ಹರಿದು ಒಂದು ಕಡೆ ನಿಂತವು. ಅರ್ಧ ಗಂಟೆ ಕಾದಳು, ಆರಿಸಿದಳು. ಬಿಳಿ ದಾರದ್ದು ಚೆಂದವಾಗಿ ಎದ್ದಿತು. ಹಸಿರು ಬೆಟ್ಟದ ಚಿತ್ರ ಬಂತು, ಕನ್ನಡವೂ ಕಂಡಿತು. ಆದರೆ ಸುಮನಾ ಬಿಟ್ಟುಹೋದ ಹೆಡ್‌ಫೋನಿನ ಕಡ್ಡಿಮೈಕಿಗೆ ಬಾಯಿಟ್ಟು ಎಷ್ಟು ಕೂಗಿದರೂ ಪರದೆಯ ಮೇಲಿನ ಗೆರೆ ಅಲುಗಲಿಲ್ಲ. ಪೆಟ್ಟಿಗೆ ಕಿವುಡು, ಮೂಕ ಎರಡೂ ಆಗಿತ್ತು. ದುರ್ಗೇಶ ಹೇಳಿದ್ದನ್ನೆಲ್ಲ ಒತ್ತಿ ನೋಡಿದಳು. ಸಂಜೆಯಾಯಿತು. ಒಳಮನೆಯಿಂದ ಅತ್ತೆಯ ಕೆಮ್ಮು ಕೇಳುತ್ತಿತ್ತು. ಪ್ರತಿ ಕೆಮ್ಮಿಗೂ ಒಂದೊಂದು ನುಡಿ ಉದುರಿಹೋದಂತೆ ಕುಮುದಾಳಿಗೆ ಅನಿಸುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಸ್ನಾನ ಮಾಡಿ, ದೇವರಿಗೆ ಕೈಮುಗಿದು, ಹಳದಿ ದಾರದ್ದನ್ನು ಹಾಕಿದಳು.

ಎದ್ದಿತು. "ಅಮ್ಮಾ" ಎಂದು ಮೈಕಿಗೆ ಹೇಳಿದಳು. ಹಸಿರು ಗೆರೆ ನೆಗೆಯಿತು. ಅವಳದೇ ದನಿ ತಿರುಗಿ ಬಂತು. ಖಾತ್ರಿಗಾಗಿ ಪೆಟ್ಟಿಗೆಯ ಹಳೇ ಡಿ ಡ್ರೈವನ್ನೂ ತೆರೆದಳು. ಸುಮನಾ ಸ್ಕೂಲಿನಲ್ಲಿದ್ದಾಗಿನ ಫೋಟೋಗಳು ಇದ್ದಂತೆಯೇ ಇದ್ದವು. ಆ ಕಿಟಕಿಯನ್ನು ಮುಚ್ಚಲು ಮರೆತು, "ಅತ್ತೆ, ಬನ್ನಿ" ಎಂದು ಕೂಗಿದಳು.

ಹೂವಯ್ಯನಿಗೂ ಹೇಳಿಕಳಿಸಿದ್ದಾಗಿತ್ತು. ಮುಂದಾಳಿಲ್ಲದೆ ದಾರಿಪದ ಎತ್ತುವಂತಿಲ್ಲ. ಅವನು ಸ್ಕೂಟರು ನಿಲ್ಲಿಸಿ, ಕಾಲು ತೊಳೆದು ಹೊಸಿಲ ಹತ್ತಿರ ಕೂತ. "ಏನತ್ತಿಗೆ, ಟಿವಿಗೆ ಪದ ಹೇಳ್ತೀರಂತೆ?" ಎಂದು ನಗಲು ಹೋದವನು ಮೂಕಮ್ಮನ ಮುಖ ನೋಡಿ ನೆಟ್ಟಗೆ ಕೂತ.

ಕುಮುದಾ ತನ್ನ ಮೊಬೈಲನ್ನು ಆರಿಸಿ ಅಕ್ಕಿ ಡಬ್ಬಿಯೊಳಗಿಟ್ಟಳು. ಇಡುವ ಮುಂಚೆ ಒಂದು ಗಳಿಗೆ ಕೈ ತಡೆಯಿತು. ಕರೆ ಬರದಂತೆ ಮಾಡಿ, ಸೆರಗಿನ ಮರೆಯಲ್ಲಿ ಇದನ್ನೂ ಹಚ್ಚಿಟ್ಟುಕೊಂಡರೆ? ಒಂದು ಹೋದರೆ ಇನ್ನೊಂದಿರುತ್ತದೆ. ಆದರೆ ಅತ್ತೆ ಬೇಡವೆಂದದ್ದನ್ನು, ಉರಿಯುವ ದೀಪದ ಎದುರು, ಕಳ್ಳತನದಲ್ಲಿ? ಡಬ್ಬಿಯ ಮುಚ್ಚಳ ಹಾಕಿದಳು.

ದೀಪ ಹತ್ತಿತು. ಮೂಕಮ್ಮ ಮೂಗುಬಾಯಿ ಒರೆಸಿಕೊಂಡು, ಎದೆಯ ಮೇಲೆ ಕೈಯಿಟ್ಟು, ಎತ್ತಿದಳು.

ಮೊದಲ ಹತ್ತು ನುಡಿ ನೆಲದ ಮೇಲೆ ತೆವಳಿದವು. ಆಮೇಲೆ ದನಿ ಎದ್ದು ನಿಂತಿತು. ಅಕ್ಕ ಮುಂದೆ ನಡೆದಳು, ತಂಗಿ ಹಿಂದೆ ನಡೆದಳು, ಕಾಡು ಬಂತು, ಹೊಳೆ ಬಂತು, ಹೊಳೆಯವನು ಕೂಲಿಗೆ ಬೆಳಕು ಕೇಳಿದ. ಕುಮುದಾಳ ಕಣ್ಣು ದೀಪದಿಂದ ಹಸಿರು ಗೆರೆಗೆ, ಗೆರೆಯಿಂದ ಅತ್ತೆಯ ಗಂಟಲಿಗೆ ಓಡಾಡುತ್ತಿತ್ತು. ಗಂಟಲ ನರ ಹಗ್ಗದಂತೆ ಎದ್ದಿತ್ತು. ನಲವತ್ತನೆಯ ನಿಮಿಷದಲ್ಲಿ ದನಿ ಒಡೆಯಿತು. ಹೂವಯ್ಯ ಮುಂದಕ್ಕೆ ಬಗ್ಗಿದ. ಮೂಕಮ್ಮ ನಿಲ್ಲಲಿಲ್ಲ, ಒಡೆದ ದನಿಯನ್ನೇ ತಗ್ಗಿಗೆ ಇಳಿಸಿ, ಅಲ್ಲಿಂದಲೇ ನಡೆಸಿದಳು. ಎಪ್ಪತ್ತೊಂದನೆಯ ನಿಮಿಷಕ್ಕೆ ಮಂಗಳದ ನುಡಿ ಹೇಳಿ, ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ನೋವಿಗೋ, ಇನ್ನೇಕೋ ಯಾರೂ ಕೇಳಲಿಲ್ಲ.

ಕುಮುದಾ ಉಳಿಸುವ ಗುಂಡಿ ಒತ್ತಿ, ಹೆಸರು ಬರೆದಳು: ದಾರಿಪದ. ಪರದೆಯ ಮೇಲೆ ಚಿಕ್ಕ ಚಿತ್ರವೊಂದು ಬಂದು ಕೂತಿತು.

"ಬಂತಾ?" ಮೂಕಮ್ಮನದು ಪಿಸುಮಾತು.

"ಬಂತು ಅತ್ತೆ."

"ಹಂಗಾರೆ ಬಂದ ದೀಪ ಮನೇಲಿ ನಿಲ್ಲಿಸ್ಬೇಡ. ಎಲೆ ಅಡಿಕೆ ಇಟ್ಟು ಕಳ್ಸು."

ಅದು ಹೇಳಿಸಿಕೊಳ್ಳಬೇಕಾದ ಮಾತೇ ಅಲ್ಲ. ಪದ ಮುಗಿದ ಮೇಲೆ ತಂದ ದೀಪ ಒಂದು ಗಳಿಗೆಯೂ ಮನೆಯಲ್ಲಿ ನಿಲ್ಲಬಾರದು. ಮುಂದಿನ ಮನೆ ಕತ್ತಲೆಯಲ್ಲಿ ಕಾಯುತ್ತಿರುತ್ತದೆ. ದೀಪದಿಂದ ದೀಪ ಹಚ್ಚಿಕೊಂಡಾಯಿತು, ತಂದದ್ದು ಹೋದರೆ ಮನೆಯದು ಆರುತ್ತದೆಯೇ? ಕುಮುದಾ ಹಳದಿ ದಾರ ಹಿಡಿದು ಪೆನ್‌ಡ್ರೈವನ್ನು ಕಿತ್ತಳು. ತಟ್ಟೆಯಲ್ಲಿ ಎರಡು ಎಲೆ, ಒಂದು ಅಡಿಕೆ, ಅದರ ಮೇಲೆ ಪೆನ್‌ಡ್ರೈವು. ಹೂವಯ್ಯ ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ. "ನಮ್ಮ ಮಗಳು ರಂಜನಾಗೆ ಕೊಡ್ತೀನಿ. ಅವಳ ಲ್ಯಾಪ್‌ಟಾಪೂ ಕದ್ದ ಮಾಲೇ ಇರಬೇಕು," ಎಂದು ಹೇಳಿ ಸ್ಕೂಟರು ಹತ್ತಿದ.

ಅವನು ತಿರುವು ದಾಟಿದ ಮೇಲೆ ಕುಮುದಾ ಅತ್ತೆಗೆ ನಾಲ್ಕು ನುಡಿ ಕೇಳಿಸೋಣವೆಂದು ಆ ಚಿತ್ರವನ್ನು ಒತ್ತಿದಳು. ಏನೂ ಆಗಲಿಲ್ಲ. ಮತ್ತೆ ಒತ್ತಿದಳು. ಇಂಗ್ಲಿಷಿನಲ್ಲಿ ಏನೋ ದೋಷವೆಂದು ಒಂದು ಚೌಕ ಬಂತು. ಕೆಳಗಿನ ಪಟ್ಟಿಯಲ್ಲಿ ಒಂದೆರಡು ಚಿತ್ರಗಳು ಅಳಿಸಿ ಬರೀ ಬಿಳಿ ಗುರುತಾಗಿದ್ದವು.

ಅಕ್ಕಿ ಡಬ್ಬಿಯಿಂದ ಮೊಬೈಲು ತೆಗೆದು ಗೇಟಿನ ಹತ್ತಿರ ಓಡಿದಳು. ಒಳಗೆ ರಿಂಗಾದರೂ, ಮಾತು ಕೇಳುವಷ್ಟು ಸಿಗ್ನಲ್ ಸಿಗುವುದು ಅಲ್ಲಿ ಮಾತ್ರ.

"ದುರ್ಗೇಶ, ಹಾಡು ತೆರೀತಾ ಇಲ್ಲ."

"ಪೆನ್‌ಡ್ರೈವ್ ಸರಿಯಾಗಿ ಹಾಕಿದ್ಯಾ ಅಕ್ಕ?"

"ಅದು ಹೂವಯ್ಯಣ್ಣ ತಗಂಡು ಹೋದ."

ಈಗ ಅವನ ದನಿಯಲ್ಲಿ ನಗು ಇರಲಿಲ್ಲ. "ಕಂಪ್ಯೂಟರ್ ಆನ್ ಇರುವಾಗ್ಲೇ ಕಿತ್ಯಾ? ಅಯ್ಯೋ ಮಾರಾಯ್ತಿ. ನೋಡಕ್ಕೆ ಮಾತ್ರ ಅಂದಿದ್ನಲ್ಲೇ! ಅದು ಒಳಗೆ ಕೂತಿಲ್ಲ. ಪೆನ್‌ಡ್ರೈವಿಂದಲೇ ಉಸಿರಾಡ್ತಿತ್ತು. ನೀ ಉಳಿಸಿದ್ದೀಯಲ್ಲ ಹಾಡು, ಅದು ಇನ್ನೂ ಎಲ್ಲೂ ಉಳ್ದಿಲ್ಲ. ಕಂಪ್ಯೂಟರಿನ ನೆನಪಲ್ಲಿ ಮಾತ್ರ ಇದೆ. ಕರೆಂಟು ಇರೋ ತನಕ. ಆರಿದ್ರೆ ಹೋಯ್ತು."

ಕುಮುದಾ ರಸ್ತೆಯ ತಿರುವಿನ ಕಡೆ ನೋಡಿದಳು. "ಹೂವಯ್ಯಣ್ಣನ್ನ ವಾಪಸ್ ಕರೀಲಾ?"

"ಈಗ ಮತ್ತೆ ಹಾಕಿದ್ರೂ ಅದು ಗುರುತು ಹಿಡಿಯಲ್ಲ. ಗಾಬರಿ ಬೇಡ, ಮೊದಲು ಕರೆಂಟು..."

ಒಳಗಿನಿಂದ ಕಿರ್ರ್ ಎಂದು ಒಂದು ಸದ್ದು ಬಂತು. ಮತ್ತೊಂದು. ಪಕ್ಕದ ಹಿಟ್ಟಿನ ಗಿರಣಿಯ ಮೊರೆತ ಇಳಿಯುತ್ತ ಇಳಿಯುತ್ತ ನಿಂತಿತು. ರಸ್ತೆಯ ಆಚೆ ಕಂಬದ ಬುಡದಲ್ಲಿ ಲೈನ್‌ಮನ್‌ಗಳು ಏಣಿ ಒರಗಿಸುತ್ತಿದ್ದರು.

"ಕರೆಂಟು ಹೋಯ್ತು ದುರ್ಗೇಶ."

"ಯುಪಿಎಸ್ ಎಷ್ಟು ಹೊತ್ತು ಬರ್ತದೆ?"

"ಹೊಸದ್ರಲ್ಲಿ ಕಾಲು ಗಂಟೆ. ಈಗ ಐದು ನಿಮಿಷವೋ ಏನೋ!"

"ಅಕ್ಕ, ಕೇಳು. ಹೊಸದಾಗಿ ಏನೂ ತೆರೀಬೇಡ, ತೆರೀಲಿಕ್ಕೂ ಆಗಲ್ಲ. ಮೊದಲೇ ತೆರೆದಿದ್ದ ಕಿಟಕಿ ಯಾವ್ದಾದ್ರೂ ಇದ್ಯಾ?"

"ಡಿ ಡ್ರೈವು. ಸುಮನಾ ಫೋಟೋದ್ದು."

"ಬದುಕಿದೆ! ಅದನ್ನ ಮುಚ್ಚಬೇಡ. ಹಾಡಿನ ಚಿತ್ರವನ್ನ ಹಿಡಿದು ಎಳೆದು ಅದರೊಳಗೆ ಬಿಡು. ಹಳೇ ಡಿಸ್ಕು, ತಡ ಮಾಡ್ತದೆ, ನೀನು ಬೇರೆ ಏನೂ ಮು..." ಮಾತು ಅಲ್ಲಿಗೇ ಕಡಿಯಿತು. ಕರೆಂಟು ಹೋದರೆ ಹಿಂದೆಯೇ ಟವರೂ ಮಲಗುವುದು ಅಲ್ಲಿ ಹೊಸತಲ್ಲ.

ಅವಳು ಓಡಿ ಒಳಗೆ ಬಂದಳು. ಯುಪಿಎಸ್ಸು ಹತ್ತೆಣಿಸುವಷ್ಟಕ್ಕೊಮ್ಮೆ ಕೂಗುತ್ತಿತ್ತು. ಪರದೆಯ ಬೆಳಕು, ಮೂಕಮ್ಮನ ದೀಪ, ಎರಡೇ. ಕುಮುದಾ ಮೌಸು ಹಿಡಿದಳು, ಚಿತ್ರದ ಮೇಲೆ ಬಾಣವನ್ನಿಟ್ಟಳು. ಆಗ ಕೈ ನಿಂತಿತು.

ಡಿ ಡ್ರೈವೆಂದರೆ ಅದೇ ಪೆಟ್ಟಿಗೆಯ ಡಿಸ್ಕು. ಕದ್ದದ್ದು ಕೂತಿರುವುದು ಅದರೊಳಗೇ.

ಹೇಳದೆ ಹಾಕಿಬಿಡಬಹುದಿತ್ತು. ಅತ್ತೆಗೆ ಡಿ ಗೊತ್ತೇ, ಸಿ ಗೊತ್ತೇ? ಸೋಮವಾರದ ನಂತರ ಕೇಳಲು ದನಿಯೂ ಇರುವುದಿಲ್ಲ. ಯುಪಿಎಸ್ಸು ಕೂಗಿತು. ಅವಳು ತಿರುಗಿ ಕೂತಳು.

"ಅತ್ತೆ, ಪೆನ್‌ಡ್ರೈವ್ ಕಿತ್ತಿದ್ದು ತಪ್ಪಾಯ್ತು. ನಿಮ್ಮ ಹಾಡು ಇನ್ನೂ ಗಾಳೀಲಿದೆ. ಇನ್ನೆರಡು ಮೂರು ನಿಮಿಷ. ಉಳಿಸಬೇಕಂದ್ರೆ ಆ ಕದ್ದ ಪೆಟ್ಟಿಗೆ ಒಳಗೇ ಇಡಬೇಕು. ಬೇರೆ ಜಾಗ ಇಲ್ಲ."

ಮೂಕಮ್ಮ ಕಣ್ಣು ತೆರೆದಳು. ಸೊಸೆಯನ್ನು ನೋಡಲಿಲ್ಲ, ದೀಪವನ್ನು ನೋಡಿದಳು. ಯುಪಿಎಸ್ಸು ಎರಡು ಸಲ ಕೂಗಿತು. ಈಗ ನಡುವಿನ ಬಿಡುವು ಕಮ್ಮಿಯಾಗಿತ್ತು. ಕುಮುದಾಳಿಗೆ ಅತ್ತೆಯನ್ನು ಹಿಡಿದು ಅಲುಗಿಸಬೇಕೆನಿಸಿತು.

"ನಮ್ಮಪ್ಪ ಒಂದ್ಸಲ," ಪಿಸುಮಾತು ಕೆರೆಯುತ್ತ ಬಂತು, "ಗುಡ್ಡದ ಮೇಲೆ ಗಾಳಿಗೆ ಸಿಕ್ಕಿ... ದೀಪ ಆರಕ್ಕಾಗಿತ್ತು. ಹತ್ರ ಇದ್ದಿದ್ದು ಕಾಡಿನ ಮರ ಕದಿಯೋ ಕಳ್ಳನಾಟದವನ ಗುಡ್ಲು. ಒಳಗೆ ಹೋಗಿ ಅವನ ಚಿಮಣಿಗೆ ಹಚ್ಚಿದ. ಗಾಳಿ ನಿಂತಮೇಲೆ ಅದ್ರಿಂದಲೇ ಹಚ್ಕೊಂಡು ಬಂದ." ಉಗುಳು ನುಂಗಿದಳು, ಮುಖ ಕಿವಿಚಿತು. "ಆರೋ ದೀಪ ಮನೆ ಯಾರದ್ದು ಅಂತ ಕೇಳಲ್ಲ ಕಣೆ. ಹಚ್ಚು."

ಕುಮುದಾ ಎಳೆದು ಬಿಟ್ಟಳು. ಒಂದು ನೀಲಿ ಪಟ್ಟಿ ಎದ್ದಿತು. ಪೆಟ್ಟಿಗೆಯೊಳಗೆ ಹಳೇ ಡಿಸ್ಕು ಕರಕರ ಎಂದಿತು. ಪಟ್ಟಿ ಕಾಲುಭಾಗ ತುಂಬಿತು, ನಿಂತಿತು. ಮತ್ತೆ ಹೊರಟಿತು. ಅರ್ಧ. ಯುಪಿಎಸ್ಸು ಉಸಿರು ಬಿಡದೆ ಕೂಗತೊಡಗಿತು. ಅವಳು ಕೈಮುಗಿದು ಕೂತಿದ್ದಳು, ಯಾವ ದೇವರಿಗೆಂದು ಗೊತ್ತಿಲ್ಲ, ಬಾಯಲ್ಲಿ ದಾರಿಪದದ ನುಡಿಗಳೇ ಓಡುತ್ತಿದ್ದವು: ಹೊಳೆ ದಾಟಿದರು, ಗದ್ದೆಯಂಚು ಹಿಡಿದರು, ಊರ ಬಾಗಿಲು ಕಂಡಿತು. ಮುಕ್ಕಾಲು. ಇನ್ನೊಂದು ಬೆರಳು. ಇನ್ನೊಂದು ಕೂದಲು...

ಪರದೆ ಕಪ್ಪಾಯಿತು. ಕೂಗೂ ನಿಂತಿತು. ಪೆಟ್ಟಿಗೆಯ ಫ್ಯಾನು ನಿಧಾನ ತಿರುಗಿ ಸುಮ್ಮನಾಯಿತು.

ಮೂಕಮ್ಮ ಎದ್ದು ದೀಪಕ್ಕೆ ಎಣ್ಣೆ ಎರೆದಳು. ಅದು ಆರಬಾರದು, ಪದ ಉಳಿಯಿತೋ ಮುರಿಯಿತೋ ತಿಳಿಯುವ ತನಕ ಆರಬಾರದು. ಮಧ್ಯಾಹ್ನವಿಡೀ ಅವಳು ಎಣ್ಣೆಯ ಗಿಂಡಿಯನ್ನು ಮಗ್ಗುಲಲ್ಲಿಟ್ಟುಕೊಂಡು ಕೂತಳು. ಕುಮುದಾ ಆಸ್ಪತ್ರೆಗೆ ಬಟ್ಟೆ ತುಂಬಿದಳು, ಮಡಿಸಿದ್ದನ್ನೇ ಮತ್ತೆ ಮಡಿಸಿದಳು.

ನಾಲ್ಕೂವರೆಗೆ ಕರೆಂಟು ಬಂತು. ಕದ್ದದ್ದನ್ನು ಎಬ್ಬಿಸಲು ಕುಮುದಾಳಿಗೆ ಮನಸ್ಸಾಗಲಿಲ್ಲ; ಬಿಳಿ ದಾರದ್ದನ್ನು ಹಾಕಿದಳು. ಹಸಿರು ಬೆಟ್ಟ ಬಂತು. ಡಿ ಡ್ರೈವು ತೆರೆಯಿತು. ಸುಮನಾಳ ಫೋಟೋಗಳ ಕೆಳಗೆ 'ದಾರಿಪದ' ಎಂಬ ಹೆಸರಿತ್ತು. ಹೆಸರೇನೋ ಇದೆ, ಒಳಗೆ ಜೀವ ಇದೆಯೇ? ಇದಕ್ಕೆ ಕಿವಿಯೂ ಇಲ್ಲ, ಬಾಯೂ ಇಲ್ಲ. ಕೇಳಬೇಕೆಂದರೆ ಹಳದಿಯೇ ಬೇಕು. ಗೇಟಿಗೆ ಹೋಗಿ ಹೂವಯ್ಯನಿಗೆ ಫೋನು ಮಾಡಿದಳು.

"ಕೊಟ್ಟ ದೀಪ ಹಿಂದಕ್ಕೆ ಹೆಂಗೆ ತರದು ಮಾರಾಯ್ತಿ?" ಅವನಿಗೆ ನಿಜವಾಗಿಯೂ ಕಳವಳ. "ಅಪಶಕುನ ಅಲ್ವಾ? ತಡಿ... ರಂಜನಾ ಏನೋ ಹೇಳ್ತಾ ಇದಾಳೆ."

ಫೋನಿನಲ್ಲಿ ಅವನ ಮಗಳ ದನಿ ಬಂತು. "ಅತ್ತೆ, ಅದನ್ನ ತರೋದು ಬೇಡ. ಅದರಿಂದ ನನ್ನ ಪೆನ್‌ಡ್ರೈವಿಗೆ ಅದೇ ಥರದ್ದು ಇನ್ನೊಂದು ಮಾಡ್ತೀನಿ. ಹತ್ತು ನಿಮಿಷ."

ಅಪ್ಪ-ಮಗಳು ಸ್ಕೂಟರಿನಲ್ಲಿ ಬಂದಾಗ ಐದು ದಾಟಿತ್ತು. ಹೊಸ ಪೆನ್‌ಡ್ರೈವಿಗೆ ದಾರವಿರಲಿಲ್ಲ. ಮೂಕಮ್ಮ ತನ್ನ ಹೂವಿನ ದಾರದ ತುಂಡು ಕಟ್ಟಿದಳು. ಹಾಕಿದರು. ಎದ್ದಿತು. ಕುಮುದಾ ಡಿ ಡ್ರೈವಿನಲ್ಲಿದ್ದ ಚಿತ್ರವನ್ನು ಒತ್ತಿದಳು.

ಮೊದಲು ಬರೀ ಉಸಿರು. ಆಮೇಲೆ ಮೂಕಮ್ಮನ ದನಿ ನೆಲದ ಮೇಲೆ ತೆವಳುತ್ತ ಹೊರಬಂತು.

ಹೂವಯ್ಯ ತೊಡೆ ತಟ್ಟಿಕೊಂಡ. ಕುಮುದಾ ಕೈಯೆತ್ತಿ ಅವನನ್ನು ಸುಮ್ಮನಿರಿಸಿದಳು. ಕೊನೆಯ ತನಕ ಕೇಳದೆ ಅವಳು ಉಸಿರು ಬಿಡುವಂತಿರಲಿಲ್ಲ. ಅಕ್ಕತಂಗಿಯರು ಹೊರಟರು. ಹೊಳೆ ದಾಟಿದರು. ನಲವತ್ತನೆಯ ನಿಮಿಷದಲ್ಲಿ ದನಿ ಒಡೆಯಿತು, ತಗ್ಗಿಗಿಳಿಯಿತು, ನಡೆಯಿತು. ಹೊರಗೆ ಬಿಸಿಲು ಕೆಂಪಾಯಿತು. ಊರ ಬಾಗಿಲು ತೆರೆಯಿತು. ಪ್ರತಿ ಮನೆಯ ಹಣತೆ ಹತ್ತಿತು, ಕಡೆಯ ಮನೆಯ ಮುದುಕಿ ಎಣ್ಣೆ ಎರೆದಳು. ಇನ್ನು ಮಂಗಳ ಒಂದೇ...

ನಿಶ್ಶಬ್ದ. ಪರದೆಯ ಮೇಲಿನ ಗೆರೆ ಕೊನೆ ಮುಟ್ಟಿ ನಿಂತಿತ್ತು. ಆ ಇನ್ನೊಂದು ಕೂದಲು.

ರಂಜನಾ ಹಿಂದೆ ಮುಂದೆ ಮಾಡಿ ನೋಡಿದಳು. ಇರಲಿಲ್ಲ. ಹೂವಯ್ಯ ತಲೆ ತಗ್ಗಿಸಿದ. "ನಂಗೆ ಇದರ ಮಂಗಳ ಬರಲ್ಲ ಅತ್ತಿಗೆ. ಬೇರೆ ಪದದ್ದು ಬರ್ತದೆ, ಅದು ಹೊಂದಲ್ಲ." ಮಂಗಳವಿಲ್ಲದ ಪದ ಮುರಿದ ಪದ. ಮುರಿದ ಪದವನ್ನು ಹಿಡಿದು ಯಾವ ತಂಡವೂ ದೀಪ ಎತ್ತುವುದಿಲ್ಲ.

ಮೂಕಮ್ಮ ಎದೆಯ ಮೇಲೆ ಕೈಯಿಟ್ಟಳು. ಬಾಯಿ ತೆರೆದಳು. ಗಾಳಿ ಬಂತು. ಮತ್ತೆ ಪ್ರಯತ್ನಿಸಿದಳು, ನರ ಎದ್ದಿತು, ಕಣ್ಣು ಕೆಂಪಾಯಿತು, ಗಾಳಿಯೇ ಬಂತು. ಮೊನ್ನೆ ಅವಳು ಹೇಳಿದ್ದು ಸುಳ್ಳಲ್ಲ, ಶಕ್ತಿ ಒಂದೇ ಸಲಕ್ಕಿತ್ತು. ಅವಳು ದೀಪದ ಕಡೆ ನೋಡಿದಳು. ಅದು ಇನ್ನೂ ಉರಿಯುತ್ತಿತ್ತು. ಆಮೇಲೆ ಸೊಸೆಯ ಕಡೆ ನೋಡಿದಳು. ನೋಡುತ್ತಲೇ ಇದ್ದಳು.

"ನಾನಾ?" ಎಂದಳು ಕುಮುದಾ. "ನಾ ಯಾವತ್ತೂ ಬಾಯಿಬಿಟ್ಟು..."

ಮೂಕಮ್ಮ ಕಣ್ಣು ತೆಗೆಯಲಿಲ್ಲ.

ಇಪ್ಪತ್ತೆರಡು ವರ್ಷ ಅಡುಗೆಮನೆಯಲ್ಲಿ, ಬಚ್ಚಲೊಲೆಯ ಮುಂದೆ, ಕಾಯಿ ತುರಿಯುತ್ತ ಕೇಳಿದ್ದು. ಕೇಳಿದ್ದು ಮಾತ್ರ. ಕುಮುದಾ ದೀಪದ ಮುಂದೆ ಬಂದು ಕೂತಳು. ಮೈಕನ್ನು ಎಲ್ಲಿ ಹಿಡಿಯಬೇಕೆಂಬುದೂ ಮರೆಯಿತು. ರಂಜನಾ ಬಂದು ಸರಿಮಾಡಿ, ಕೆಂಪು ಗುಂಡಿ ಒತ್ತಿ ಹಿಂದಕ್ಕೆ ಸರಿದಳು. ಮೊದಲ ಸಲ ಅವಳಿಗೂ ಗಾಳಿಯೇ ಬಂತು. ಎರಡನೆಯ ಸಲಕ್ಕೆ ಬಂತು:

ಬಂದ ಬೆಳಕು ಮುಂದೆ ಹೋಗಲಿ ನಮ್ಮವ್ವ
ನಿಂದ ಮನೆಯಲ್ಲಿ ಸಿರಿ ಬೆಳೆದು, ಕಡೆಬಾಗ್ಲ
ಸಂದಿಯಲ್ಲೂನು ಹೊಳೆಯಲಿ.

ದನಿ ಅತ್ತೆಯದಲ್ಲ. ತೆಳುವು, ನಡುಕ, ಒಂದು ಕಡೆ ದಾರಿ ತಪ್ಪಿ ಮತ್ತೆ ಸೇರಿಕೊಂಡದ್ದು. ಆದರೆ ಪದ ಮುಗಿಯಿತು. ದೀಪ ಉರಿಯುತ್ತಿರುವಾಗಲೇ ಮುಗಿಯಿತು.

ಹೂವಯ್ಯ ಎದ್ದು ದೇವರಿಗೆ ಮುಗಿದಂತೆ ಇಬ್ಬರಿಗೂ ಮುಗಿದ. ಮೂಕಮ್ಮ ಸೊಸೆಯನ್ನು ಹತ್ತಿರ ಕರೆದು ಕಿವಿಯ ಬಳಿ ಬಾಯಿಟ್ಟಳು. ಹೊಗಳುತ್ತಾಳೆಂದು ಕುಮುದಾಳ ಕಣ್ಣು ತುಂಬಿತ್ತು.

"ಸಿರಿ ಅನ್ನೋ ಕಡೆ ಅಷ್ಟು ಎಳೀಬಾರ್ದು," ಎಂದಿತು ಪಿಸುಮಾತು. "ದೀಪಾವಳಿ ಒಳಗೆ ಸರಿಮಾಡ್ಕ."

ಆಮೇಲೆ ಅವಳು ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟು, ಹೂವಿನ ದಾರ ಕಟ್ಟಿದ ಪೆನ್‌ಡ್ರೈವಿನ ಕಡೆ ಕೈ ತೋರಿಸಿದಳು. ಬಂದ ದೀಪ ನಿಲ್ಲಬಾರದು.

"ತಡೀರಿ ಅತ್ತೆ," ಎಂದು ಕುಮುದಾ ಪೆಟ್ಟಿಗೆಗೆ ಅಡ್ಡ ನಿಂತಳು. ಆ ಮನೆಯಲ್ಲಿ ಅವಳ ದನಿ ಅಷ್ಟು ಗಟ್ಟಿಯಾಗಿ ಕೇಳಿದ್ದು ಅದೇ ಮೊದಲು. "ಯಾರೂ ಮುಟ್ಟಬೇಡಿ. ರಂಜನಾ, ಹಾಡಿನ ನಕಲು ಮೊದಲು ನಿನ್ನ ಲ್ಯಾಪ್‌ಟಾಪಿಗೊಂದು, ಆ ಬಿಳಿ ದಾರದ್ದರಲ್ಲೊಂದು, ದುರ್ಗೇಶನಿಗೊಂದು. ಎಲ್ಲಾ ಕಡೆ ತೆರೆದು, ಕೇಳಿ ನೋಡಿ, ಆಮೇಲೆ ವೀಳ್ಯ."